ತರಗೆಲೆಗೆ ಬೆಂಕಿ ಇಡುವ ಮೊದಲು: ನಮ್ಮೂರ ಪೌರಾಯುಕ್ತರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪೌರಾಯುಕ್ತರಿಗೆ,

ನಮಸ್ಕಾರಗಳು.

ನಾನು ಅಂಚೆ ಕಚೇರಿಯಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಅರ್ಜಿ, ಟಪಾಲು, ಮೊಹರು ಇವೆಲ್ಲ ನನಗೆ ಹೊಸದಲ್ಲ. ಒಂದು ಕಾಗದ ಒಂದು ಮೇಜಿನಿಂದ ಪಕ್ಕದ ಮೇಜಿಗೆ ಹೋಗಲು ಎಷ್ಟು ದಿನ ಹಿಡಿಯುತ್ತದೆ ಎಂಬುದೂ ಗೊತ್ತು. ನಮ್ಮ ಬಡಾವಣೆಯ ಪಾರ್ಕಿನ ಬಗ್ಗೆ ನಿಮ್ಮ ಕಚೇರಿಗೆ ಮೂರು ಅರ್ಜಿ ಕೊಟ್ಟಿದ್ದೇನೆ. ಮೂರಕ್ಕೂ ಸ್ವೀಕೃತಿ ಮೊಹರು ಬಿದ್ದಿದೆ. ಮೊದಲನೆಯ ಮೊಹರು ಬಿದ್ದು ಹದಿನಾಲ್ಕು ತಿಂಗಳಾಯಿತು. ಒಂದಕ್ಕೂ ಉತ್ತರ ಬಂದಿಲ್ಲ. ಅದಕ್ಕೇ ಈ ಸಲ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ.

ಸಂಕ್ರಾಂತಿಗೆ ಇನ್ನೂ ನಾಲ್ಕು ದಿನ ಇತ್ತು. ಬೆಳಿಗ್ಗೆ ಆರೂವರೆ ಇರಬೇಕು. ಎದುರು ಮನೆಯೂ ಕಾಣದಷ್ಟು ಮಂಜು. ಇಬ್ಬನಿ ಬಿದ್ದ ಅವರೆಕಾಯಿಗೆ ಸೊಗಡು ಜಾಸ್ತಿ ಅಲ್ವಾ, ಗಾಡಿಯವನು ಬರುವ ಹೊತ್ತಿಗೆ ಸರ್ಕಲ್ಲಿನ ಹತ್ತಿರ ಇರೋಣ ಅಂತ ಚೀಲ ಹಿಡಿದು ಹೊರಟಿದ್ದೆ. ಪಾರ್ಕಿನ ಹಿಂದಿನ ಮೂಲೆಯಲ್ಲಿ ಮಂಜು ಬೇರೆ ಬಣ್ಣಕ್ಕೆ ತಿರುಗಿದ ಹಾಗೆ ಕಂಡಿತು. ಹತ್ತಿರ ಹೋದಾಗ ವಾಸನೆ ಬಂತು. ಗೇಟು ದಾಟಿ ಓಡಿದೆ. ನನ್ನ ಮಂಡಿಗೆ ಓಡುವ ವಯಸ್ಸಲ್ಲ, ಆದರೂ ಓಡಿದೆ.

ನಾವು ತರಗೆಲೆ ತುಂಬಿಸಿ ಗೊಬ್ಬರ ಮಾಡುವ ನಾಲ್ಕು ಜಾಲರಿ ಡ್ರಮ್ಮುಗಳು ಆ ಮೂಲೆಯಲ್ಲಿವೆ. ಅವುಗಳ ಪಕ್ಕದಲ್ಲೇ ಗುಡಿಸಿದ ಎಲೆ ಗುಡ್ಡೆ ಹಾಕಿ ಬೆಂಕಿ ಇಟ್ಟಿದ್ದರು. ಗಾಳಿ ಈ ಕಡೆ ತಿರುಗಿ ಎರಡು ಡ್ರಮ್ಮು ಪೂರ್ತಿ ಹತ್ತಿಕೊಂಡಿದ್ದವು. ಮೂರನೆಯದು ಅರ್ಧ ಸುಟ್ಟಿತ್ತು. ನಾಲ್ಕನೆಯದರಲ್ಲಿ ಗೊಬ್ಬರ ಹೆಚ್ಚುಕಡಿಮೆ ಮಾಗಿತ್ತು, ಒದ್ದೆ ಇತ್ತು, ಅದೊಂದು ಉಳಿಯಿತು. ನವೆಂಬರ್‌ನಿಂದ ವಾರವಾರ ತುಂಬಿದ್ದ ಎಲೆ, ಸುರಿದಿದ್ದ ಸಗಣಿ ನೀರು, ಆ ರಾಶಿಯಲ್ಲಿ ಸೇರಿಕೊಂಡಿದ್ದ ಎರೆಹುಳ, ಗೊಣ್ಣೆ ಹುಳ ಎಲ್ಲ ಬೂದಿ. ಮೂರನೇ ಡ್ರಮ್ಮಿನ ಬುಡದಲ್ಲಿ ಒಂದು ದೊಡ್ಡ ಕಪ್ಪೆ ಇತ್ತು. ಮಕ್ಕಳು ಅದನ್ನು ವಾಚ್‌ಮನ್ ಅಂತ ಕರೆಯುತ್ತಿದ್ದರು. ಆಮೇಲೆ ಅದು ಕಂಡಿಲ್ಲ.

ಇಲ್ಲಿ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಬೆಂಕಿ ಇಟ್ಟ ಪೌರಕಾರ್ಮಿಕ ಮಹಿಳೆಯ ಮೇಲೆ ನನ್ನ ದೂರಿಲ್ಲ. ಈ ಪತ್ರ ಓದಿ ಅವರಿಗೆ ನೋಟಿಸ್ ಕೊಟ್ಟರೆ ಅದಕ್ಕಿಂತ ಅನ್ಯಾಯ ಬೇರೆ ಇಲ್ಲ. ಅವತ್ತು ನಾನು ಏದುಸಿರು ಬಿಡುತ್ತಾ ನಿಂತಿದ್ದಾಗ ಅವರೇ ಬಂದು ಹೇಳಿದರು: "ಅಮ್ಮಾ, ಟಿಪ್ಪರ್‌ನೋನು ಎಲೆ ಹಾಕಿಸ್ಕಳಲ್ಲ ಅಂತಾನೆ. ಗುಡ್ಡೆ ಹಂಗೇ ಬಿಟ್ರೆ ಮೇಸ್ತ್ರಿ ಫೋಟೋ ತೆಗ್ದು ಬೈತಾರೆ. ನಾನೇನ್ ಮಾಡ್ಲಿ, ನೀವೇ ಹೇಳಿ." ನನ್ನ ಹತ್ತಿರ ಉತ್ತರ ಇರಲಿಲ್ಲ. ಆಟೋ ಟಿಪ್ಪರ್ ಮನೆಯ ಹಸಿ ಕಸ, ಒಣ ಕಸಕ್ಕೇ ತುಂಬಿಹೋಗುತ್ತದೆ. ಮರದ ಎಲೆಗೆ ಬೇರೆ ಗಾಡಿ ಇಲ್ಲ. ರಸ್ತೆಯಲ್ಲಿ ಎಲೆ ಕಾಣಬಾರದು ಎಂಬ ಆಜ್ಞೆ ಮಾತ್ರ ಇದೆ. ಎಲೆಯನ್ನು ಎಲ್ಲಿಗೆ ಹಾಕಬೇಕು ಎಂದು ಯಾರೂ ಹೇಳಿಲ್ಲ. ಆಗ ಉಳಿಯುವುದು ಬೆಂಕಿಪೊಟ್ಟಣ ಒಂದೇ. ಹೊಗೆ ಕುಡಿಯುವುದೂ ಮೊದಲು ಅವರೇ. ಪೊರಕೆ ಹಿಡಿದು ಬಗ್ಗಿ ನಿಂತವರ ಮುಖಕ್ಕೇ ಅದು ಹೊಡೆಯುತ್ತದೆ.

ನಮ್ಮ ತಪ್ಪೂ ಇದೆ. ಡ್ರಮ್ಮು ಇಡಲು ನಾವು ಲಿಖಿತ ಅನುಮತಿ ಪಡೆದಿರಲಿಲ್ಲ. ಆಗ ಇದ್ದ ಎಂಜಿನಿಯರ್ ಸಾಹೇಬರು ಬಂದು ನೋಡಿ, "ಒಳ್ಳೇ ಕೆಲಸ, ಮಾಡಿ" ಎಂದಿದ್ದರು. ಅವರಿಗೆ ವರ್ಗವಾಯಿತು, ಮಾತೂ ಅವರ ಜೊತೆ ವರ್ಗವಾಗಿ ಹೋಯಿತು. ಬಾಯಿಮಾತಿಗೆ ಇನ್‌ವರ್ಡ್ ನಂಬರ್ ಇರುವುದಿಲ್ಲ ಎಂದು ಮೂವತ್ತೊಂದು ವರ್ಷ ನೌಕರಿ ಮಾಡಿದ ನನಗಾದರೂ ಹೊಳೆಯಬೇಕಿತ್ತು. ಇನ್ನೊಂದು, ಮೊದಲ ವರ್ಷ ನಮ್ಮವರೇ ಕೆಲವರು ಡ್ರಮ್ಮಿಗೆ ಅಡುಗೆಮನೆ ಕಸ ತಂದು ಸುರಿದು ಗಬ್ಬು ನಾತ ಎಬ್ಬಿಸಿದ್ದರು. ಪಕ್ಕದ ಮನೆಯವರು ನಿಮಗೆ ದೂರು ಕೊಟ್ಟಿದ್ದು ಸರಿಯಾಗಿಯೇ ಇತ್ತು. ಆಮೇಲೆ ನಾವು ಎಲೆ ಬಿಟ್ಟು ಬೇರೇನೂ ಹಾಕಿಲ್ಲ.

ನಾವು ಅಂದರೆ ಯಾರು ಎಂದು ಹೇಳಬೇಕಲ್ಲ. ನಮ್ಮದು ಸಂಘ ಅಂತೇನೂ ಅಲ್ಲ. ನೋಂದಣಿ ಇಲ್ಲ, ಬೋರ್ಡಿಲ್ಲ, ಅಧ್ಯಕ್ಷರಿಲ್ಲ. ಕೈತೋಟದ ಬಳಗ ಅಂದುಕೊಳ್ಳಿ. ಗಿಡದ ಹುಚ್ಚು ಹತ್ತಿದ ಇಪ್ಪತ್ತಾರು ಜನ. ನನ್ನಂಥ ನಿವೃತ್ತರು ಏಳು ಜನ. ಮನೆಯಲ್ಲಿರುವ ಹೆಂಗಸರೇ ಜಾಸ್ತಿ. ಒಬ್ಬರು ಟೈಲರ್, ಒಬ್ಬರು ಪಿಯು ಕಾಲೇಜಿನ ಮೇಷ್ಟ್ರು. ಹಾಲಿನ ಬೂತಿನ ಯಜಮಾನರೂ ಇದ್ದಾರೆ. ಅವರಿಗೆ ಗಿಡದ ಬಗ್ಗೆ ಏನೂ ಗೊತ್ತಿಲ್ಲ. ಮಾರಾಟವಾಗದೆ ಹುಳಿಯಾದ ಮೊಸರು, ಮಜ್ಜಿಗೆ ಪ್ಯಾಕೆಟ್ಟು ತಂದುಕೊಡುತ್ತಾರೆ. ಗೊಬ್ಬರಕ್ಕೆ ಅದಕ್ಕಿಂತ ಬೇಕಾದ್ದು ಇನ್ನೇನು?

ಬೇಸಿಗೆಯಲ್ಲಿ ನಾವು ಬರೀ ನೀರು ಹೊರುವವರು. ಮಳೆಗಾಲದಲ್ಲಿ ಕಳೆ ಕೀಳುವವರು. ನಿಜವಾದ ಕೆಲಸ ನಡೆಯುವುದು ದೀಪಾವಳಿ ಕಳೆದ ಮೇಲೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುವವರೆಗೆ ನಮಗೆ ಬಿಡುವಿಲ್ಲ. ನಮ್ಮ ಬಯಲುಸೀಮೆಯಲ್ಲಿ ಕ್ಯಾರೆಟ್ಟು, ಬೀಟ್‌ರೂಟು, ನವಿಲುಕೋಸು, ಹೂಕೋಸು ತಾರಸಿಯ ಮೇಲೆ ಚೆನ್ನಾಗಿ ಬರುವುದು ಈ ಮೂರು ತಿಂಗಳಲ್ಲೇ. ದೀಪಾವಳಿ ಆದ ಮೊದಲ ಭಾನುವಾರ ಪಾರ್ಕಿನ ಕಲ್ಲುಬೆಂಚಿನ ಮೇಲೆ ಬೀಜದ ಸಂತೆ ಹಾಕುತ್ತೇವೆ. ದುಡ್ಡಿನ ವ್ಯವಹಾರ ಇಲ್ಲ. ಕೊಟ್ಟು ತೆಗೆದುಕೊಳ್ಳುವುದು ಅಷ್ಟೇ. ಹಳೇ ಲಗ್ನಪತ್ರಿಕೆಯ ಕವರುಗಳಲ್ಲಿ ಬೀಜ ತುಂಬಿ, ಮೇಲೆ ಹೆಸರು ಬರೆದು ತರುತ್ತಾರೆ. ಹೋದ ಸಲ ಯಾರದೋ ಮದುವೆಯ ಕವರಿನಲ್ಲಿ ಹೀರೆ ಬೀಜ ಸಿಕ್ಕಿತು. ವಧೂವರರ ಹೆಸರು ಓದಿ ಎಲ್ಲರೂ ನಕ್ಕಿದ್ದೇ ನಕ್ಕಿದ್ದು.

ಬೂದಿ ಬೆರೆಸಿ ಇಟ್ಟ ನಾಟಿ ಅವರೆ ಬೀಜ ಹಳ್ಳಿಯಿಂದ ಬಂದವರ ಹತ್ತಿರ ಇರುತ್ತದೆ. ಅದು ಹಗಲು ಚಿಕ್ಕದಾಗುವವರೆಗೆ ಹೂ ಬಿಡುವುದಿಲ್ಲ, ಎಷ್ಟು ಗೊಬ್ಬರ ಹಾಕಿದರೂ ಅಷ್ಟೇ. ಕೃಷಿ ವಿಶ್ವವಿದ್ಯಾಲಯದವರು ಮಾಡಿದ ಹೆಬ್ಬಾಳ ಅವರೆಗೆ ಹಗಲು ರಾತ್ರಿಯ ಲೆಕ್ಕ ಇಲ್ಲ, ವರ್ಷವಿಡೀ ಕಾಯಿ ಬಿಡುತ್ತದೆ. ಯಾವುದರ ಸಾರು ರುಚಿ ಎಂಬ ಜಗಳ ನಮ್ಮಲ್ಲಿ ಇನ್ನೂ ಮುಗಿದಿಲ್ಲ. ನನ್ನ ಓಟು ನಾಟಿಗೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕೋಮಲ್ ಹುರುಳಿಕಾಯಿ ಬೀಜವನ್ನು ಮೇಷ್ಟ್ರು ತರಿಸಿಕೊಡುತ್ತಾರೆ. ಹೊಸದಾಗಿ ಬಂದವರಿಗೆ ಅವತ್ತೇ ಪಾಠವೂ ಆಗುತ್ತದೆ. ಕೊತ್ತಂಬರಿ ಬೀಜ ಇಡೀದಾಗಿ ಹಾಕಬೇಡಿ, ಉಜ್ಜಿ ಎರಡು ಹೋಳು ಮಾಡಿ. ಕ್ಯಾರೆಟ್ಟು, ಮೂಲಂಗಿ ಕಿತ್ತು ನೆಡಬೇಡಿ, ಬೇರು ಕವಲೊಡೆಯುತ್ತದೆ, ಬೆಳೆಯುವ ಜಾಗದಲ್ಲೇ ಬಿತ್ತಿ. ಕೋಸು, ಟೊಮೆಟೊ ಮಾತ್ರ ಸಸಿ ಮಾಡಿಕೊಂಡು ಮೂರು ನಾಲ್ಕು ವಾರ ಆದಮೇಲೆ ನೆಡಿ.

ಇದೆಲ್ಲ ನಮ್ಮ ಮನೆ ಸಾರಿನ ವಿಷಯ, ನಗರಸಭೆಗೆ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ಸಂಬಂಧ ಇದೆ. ಪಾರ್ಕಿನಲ್ಲಿ ಮಾಡಿದ ಸಸಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗುವುದು ಬಡಾವಣೆಯ ಸರ್ಕಾರಿ ಪ್ರಾಥಮಿಕ ಶಾಲೆಗೆ. ಶಾಲೆಯ ಹಿಂದೆ ಹತ್ತಡಿ ಅಗಲದ ಜಾಗ ಇತ್ತು, ಇಟ್ಟಿಗೆ ಚೂರು, ಗಾಜಿನ ಚೂರು ತುಂಬಿತ್ತು. ಎರಡು ವರ್ಷದ ಹಿಂದಿನ ಡಿಸೆಂಬರ್‌ನಲ್ಲಿ ಅದನ್ನು ಆರಿಸಿ ತೆಗೆಯಲು ಮೂರು ಭಾನುವಾರ ಹಿಡಿಯಿತು. ಈಗ ಅಲ್ಲಿ ದಂಟು, ಪಾಲಕ್, ಮೆಂತ್ಯ, ಎರಡು ನುಗ್ಗೆ ಮರ, ಕರಿಬೇವು ಇವೆ. ಬಿಸಿಯೂಟ ಮಾಡುವ ಅಮ್ಮಂದಿರು ವಾರಕ್ಕೆ ಎರಡು ದಿನವಾದರೂ ಅದೇ ಸೊಪ್ಪಿನ ಸಾರು ಮಾಡುತ್ತಾರೆ. ತಾವೇ ನೀರು ಹಾಕಿದ ಸೊಪ್ಪು ಅಂದರೆ ಮಕ್ಕಳು ತಟ್ಟೆಯ ಅಂಚಿಗೆ ಎತ್ತಿಡುವುದಿಲ್ಲ. ಕರಿಬೇವಿನ ಎಲೆ ತಿಂದು ಬೋಳು ಮಾಡಿದ ಹುಳವನ್ನು ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಗಾಜಿನ ಬಾಟಲಿಯಲ್ಲಿ ಸಾಕಿ ಚಿಟ್ಟೆ ಮಾಡಿ ಬಿಟ್ಟಳು. ಆ ದಿನ ಪಾಠ ನಡೆಯಲಿಲ್ಲವಂತೆ. ಮೇಡಂ ನಗುತ್ತಾ ದೂರು ಹೇಳಿದರು.

ಅಂಗನವಾಡಿಗೂ ಕುಂಡ ಕೊಟ್ಟಿದ್ದೇವೆ. ಮರಗಳ ಕೆಲಸವೂ ಇದೆ. ಚಳಿಗಾಲದಲ್ಲಿ ಬಿಸಿಲು ಹದವಾಗಿರುವುದರಿಂದ ಬೀದಿ ಸುತ್ತಿ ಸಾಲುಮರಗಳಿಗೆ ಹೊಡೆದ ಮೊಳೆ ಕೀಳುತ್ತೇವೆ. ಟ್ಯೂಷನ್ ಬೋರ್ಡು, ಪಿಜಿ ಬೋರ್ಡು, ಚುನಾವಣೆ ಬಂದರೆ ಅದರದ್ದು. ಈ ಡಿಸೆಂಬರ್‌ನಲ್ಲಿ ಎರಡು ಭಾನುವಾರಕ್ಕೆ 212 ಮೊಳೆ ಸಿಕ್ಕಿತು, ಸ್ಟೇಪ್ಲರ್ ಪಿನ್ನು ಎಣಿಸಲಿಲ್ಲ. ಮರ ದಪ್ಪವಾದರೂ ಯಾರೂ ತೆಗೆಯದೆ ಬಿಟ್ಟ ಕಬ್ಬಿಣದ ಬೇಲಿ ಕಾಂಡದೊಳಗೆ ಇಳಿದುಹೋಗಿರುತ್ತದೆ. ಅಂಥವು ಏಳನ್ನು ಕತ್ತರಿಸಿ ಬಿಡಿಸಿದೆವು. ಆ ಬೇಲಿಗಳ ಮೇಲೆಲ್ಲ ನಗರಸಭೆಯ ಹೆಸರಿತ್ತು. ಕಬ್ಬಿಣವನ್ನು ತಂದು ನಿಮ್ಮ ಕಚೇರಿಯ ಹಿತ್ತಿಲಿನಲ್ಲೇ ಇಟ್ಟಿದ್ದೇವೆ, ಗುಜರಿಗೆ ಹಾಕಿಲ್ಲ.

ಇಷ್ಟಕ್ಕೆಲ್ಲ ಬೇಕಾಗುವುದು ಮಣ್ಣು. ಶಾಲೆಯ ಹಿಂದಿನದು ಮಣ್ಣೇ ಅಲ್ಲ, ಕಟ್ಟಡದ ಪುಡಿ. ಅದಕ್ಕೆ ಜೀವ ಬಂದದ್ದು ಈ ಡ್ರಮ್ಮುಗಳ ಗೊಬ್ಬರದಿಂದ. ಹೋದ ವರ್ಷ ನಾಲ್ಕು ಡ್ರಮ್ಮಿನಿಂದ 25 ಕೆಜಿಯ ಒಂಬತ್ತು ಚೀಲ ಸಿಕ್ಕಿತ್ತು. ಆರು ಶಾಲೆಗೆ, ಒಂದು ಅಂಗನವಾಡಿಗೆ, ಎರಡು ಪಾರ್ಕಿನ ಸಂಪಿಗೆ, ಆಕಾಶಮಲ್ಲಿಗೆ ಮರಗಳ ಬುಡಕ್ಕೆ ಹಾಕಿದೆವು. ನಮ್ಮ ಮನೆಗೆ ಒಂದು ಹಿಡಿಯನ್ನೂ ಒಯ್ದಿಲ್ಲ. ಈ ನಿಯಮ ಮಾಡಿದ್ದು ಟೈಲರ್ ಯಜಮಾನರು. ಒಮ್ಮೆ ಮನೆಗೆ ಒಯ್ಯಲು ಶುರು ಮಾಡಿದರೆ ಜಗಳ ಶುರುವಾಗುತ್ತದೆ ಎಂದರು. ಮಾತು ನಿಜ.

ಮಾಡುವ ರೀತಿ ಬಹಳ ಸುಲಭ. ನಾಲ್ಕಡಿ ಎತ್ತರ, ಮೂರಡಿ ಅಗಲದ ಜಾಲರಿ. ಒಂದಡಿ ಎಲೆ ಹಾಕಿ ತುಳಿಯುವುದು. ಮೇಲೆ ಸಗಣಿ ನೀರು, ಇಲ್ಲವೇ ಹುಳಿ ಮಜ್ಜಿಗೆಗೆ ಬೆಲ್ಲ ಕದಡಿದ್ದು, ಒಂದು ಬೊಗಸೆ ಹಳೇ ಗೊಬ್ಬರ. ಮತ್ತೆ ಎಲೆ. ಒಣ ಎಲೆಯಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಡಿಮೆ. ಕೊಳೆಸುವ ಜೀವಿಗಳಿಗೆ ಸುಮಾರು 30 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಇದ್ದರೆ ಹದ. ಸಗಣಿ ಹಾಕುವುದು ಅದಕ್ಕೇ. ಹದ ಸರಿಯಾದರೆ ರಾಶಿಯ ಹೊಟ್ಟೆ ತಾನೇ ಬಿಸಿಯಾಗುತ್ತದೆ. ಚಳಿಯ ಬೆಳಿಗ್ಗೆ ಕೈ ತೂರಿಸಿದರೆ ಹಿತವಾಗಿರುತ್ತದೆ. ಜಾಲರಿ ಆಗಿರುವುದರಿಂದ ಗಾಳಿ ಆಡುತ್ತದೆ, ನಾತ ಬರುವುದಿಲ್ಲ. ಬಾದಾಮಿ ಮರದ ದಪ್ಪ ಎಲೆಗೆ ಐದಾರು ತಿಂಗಳು ಬೇಕು. ಮಳೆಮರದ ಸಣ್ಣ ಎಲೆ ಅದಕ್ಕಿಂತ ಬೇಗ ಕರಗುತ್ತದೆ. ಜಾಲರಿ, ಕಡ್ಡಿ, ವೆಲ್ಡಿಂಗ್ ಎಲ್ಲ ಸೇರಿ ನಾಲ್ಕು ಡ್ರಮ್ಮಿಗೆ 7,400 ರೂಪಾಯಿ ಖರ್ಚಾಗಿತ್ತು. ಎಲ್ಲ ನಮ್ಮ ಚಂದಾ ಹಣ. ಲೆಕ್ಕದ ಪುಸ್ತಕ ನನ್ನ ಹತ್ತಿರವಿದೆ, ಯಾವಾಗ ಬೇಕಾದರೂ ನೋಡಬಹುದು.

ಇನ್ನು ಹೊಗೆಯ ವಿಷಯ. ಬೇಸಿಗೆಯಲ್ಲಿ ಎಲೆ ಸುಟ್ಟರೆ ಹೊಗೆ ಮೇಲೆ ಹೋಗಿ ಚೆದುರುತ್ತದೆ. ಚಳಿಗಾಲದ ಬೆಳಿಗ್ಗೆ ಹಾಗಲ್ಲ. ರಾತ್ರಿ ನೆಲ ತಣ್ಣಗಾಗಿ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಕೆಳಗೇ ಕೂತುಬಿಡುತ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ನಿಲ್ಲುತ್ತದೆ. ಬಿಸಿಲು ಏರುವವರೆಗೆ ಹೊಗೆ ಆ ಮುಚ್ಚಳದ ಕೆಳಗೇ ಸುತ್ತುತ್ತಿರುತ್ತದೆ. ಇಬ್ಬನಿಗೆ ನೆನೆದ ಎಲೆ ಧಗಧಗ ಉರಿಯುವುದೂ ಇಲ್ಲ. ಗಂಟೆಗಟ್ಟಲೆ ಹೊಗೆಯಾಡುತ್ತದೆ. ಅದರಲ್ಲಿರುವ ಸಣ್ಣ ಕಣಗಳು ತಲೆಗೂದಲಿನ ದಪ್ಪದಲ್ಲಿ ಮೂವತ್ತರಲ್ಲಿ ಒಂದು ಪಾಲೂ ಇರುವುದಿಲ್ಲ. ಮೂಗಿನ ಕೂದಲು ತಡೆಯುವ ಗಾತ್ರವಲ್ಲ, ನೇರ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಎಲೆಯ ಜೊತೆ ಗುಟ್ಕಾ ಚೀಟಿ, ಚಿಪ್ಸ್ ಪ್ಯಾಕೆಟ್ಟು, ನೀರಿನ ಬಾಟಲಿ ಸೇರಿ ಸುಡುವಾಗ ಏನೇನು ಹೊರಬರುತ್ತದೋ ಕೇಳಲೇಬೇಡಿ. ಪಾರ್ಕಿನ ಎದುರು ಮನೆಯಲ್ಲಿ ಐದು ವರ್ಷದ ಮಗುವಿಗೆ ವೀಸಿಂಗ್ ಇದೆ. ಜನವರಿ ಬಂತೆಂದರೆ ಆ ತಾಯಿ ನೆಬ್ಯುಲೈಜರ್ ಅನ್ನು ಅಡುಗೆಮನೆಯ ಕಟ್ಟೆಯ ಮೇಲೇ ಇಟ್ಟುಕೊಂಡಿರುತ್ತಾರೆ.

ಕಾನೂನು ನಿಮಗೆ ಹೇಳಿಕೊಡುವಷ್ಟು ದೊಡ್ಡವಳು ನಾನಲ್ಲ. ಆದರೂ ನೆನಪಿಸುತ್ತೇನೆ. 2016ರ ಏಪ್ರಿಲ್‌ನಲ್ಲಿ ಬಂದ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ರಸ್ತೆಯಲ್ಲಾಗಲಿ ಬಯಲಲ್ಲಾಗಲಿ ಕಸ ಸುಡುವಂತಿಲ್ಲ ಎಂದಿತ್ತು. ಪಾರ್ಕು, ತೋಟಗಳ ಕಸವನ್ನು ಸ್ಥಳೀಯ ಸಂಸ್ಥೆಯೇ ಬೇರೆಯಾಗಿ ಸಂಗ್ರಹಿಸಿ, ಆದಷ್ಟು ಮಟ್ಟಿಗೆ ಆಯಾ ಪಾರ್ಕಿನಲ್ಲೇ ಸಂಸ್ಕರಿಸಬೇಕು ಎಂದೂ ಇತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಡುವುದನ್ನು ಇಡೀ ದೇಶದಲ್ಲಿ ನಿಷೇಧಿಸಿತು. ಸುಮ್ನೆ ಒಂದಿಷ್ಟು ಸುಟ್ಟರೆ 5,000 ರೂಪಾಯಿ, ದೊಡ್ಡ ರಾಶಿ ಸುಟ್ಟರೆ 25,000 ರೂಪಾಯಿ ದಂಡ ಎಂದಿತು. ದಂಡ ಹಾಕಬೇಕಾದವರು ನೀವು. ಹಾಗಾದರೆ ಅವತ್ತು ಬೆಳಿಗ್ಗೆ ರಸೀದಿ ಹರಿದು ಯಾರ ಕೈಗೆ ಕೊಡಬೇಕಿತ್ತು, ಸ್ವಾಮಿ? ನಿಯಮ "ಮಾಡು" ಎಂದು ಹೇಳಿದ ಕೆಲಸವನ್ನು ಇಪ್ಪತ್ತಾರು ಜನ ಸಂಬಳವಿಲ್ಲದೆ ಮಾಡುತ್ತಿದ್ದರು. ನಿಯಮ "ಮಾಡಬೇಡ" ಎಂದದ್ದು ನಡೆದು ಅದು ಸುಟ್ಟುಹೋಯಿತು.

ಎರಡನೆಯ ದೂರು ಸ್ವಲ್ಪ ಬಣ್ಣದ್ದು. ಪ್ರತಿ ವರ್ಷ ಜನವರಿ 26ಕ್ಕೆ ಮೈದಾನದಲ್ಲಿ ಧ್ವಜಾರೋಹಣದ ವೇದಿಕೆ ಸುತ್ತ ಹೂವಿನ ಕುಂಡ ಜೋಡಿಸುತ್ತೀರಿ. ಪೆಟೂನಿಯಾ, ಸಾಲ್ವಿಯಾ, ಚೆಂಡುಹೂ. ಚೆನ್ನಾಗಿ ಕಾಣುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಹೋದ ವರ್ಷ ಫೆಬ್ರವರಿ ಮೊದಲ ವಾರ ನಾನು ಮನೆ ಕಂದಾಯ ಕಟ್ಟಲು ನಿಮ್ಮ ಕಚೇರಿಗೆ ಬಂದಿದ್ದೆ. ಅದೇ ಗಿಡಗಳು ಹಿತ್ತಿಲಿನಲ್ಲಿ ಜನರೇಟರ್ ಪಕ್ಕ ಒಣಗಿ ಬಿದ್ದಿದ್ದವು. ಬೇರಿನ ಸುತ್ತ ನರ್ಸರಿಯ ಕಪ್ಪು ಪ್ಲಾಸ್ಟಿಕ್ ಕವರ್ ಹಾಗೇ ಇತ್ತು. ಕುಂಡದೊಳಗೆ ಕವರಿನ ಸಮೇತ ಇಳಿಸಿ ಹತ್ತು ದಿನ ತೋರಿಸಿ ಎಸೆದಿದ್ದರು. ಕಾವಲುಗಾರರನ್ನು ಕೇಳಿ ಅರವತ್ತು ಕವರು ಎತ್ತಿಕೊಂಡು ಬಂದೆವು. ಆಟೋದವನು ನಮ್ಮನ್ನು ನೋಡಿ ಏನಂದುಕೊಂಡನೋ. ಸಾಲ್ವಿಯಾ ಬದುಕಲಿಲ್ಲ. ಚೆಂಡುಹೂ ಮುಕ್ಕಾಲು ಪಾಲು ಚಿಗುರಿತು. ಅದರ ಬೀಜದಿಂದ ಬಂದ ಗಿಡಗಳೇ ಈಗ ಶಾಲೆಯ ಗೇಟಿನ ಎರಡೂ ಕಡೆ ಹೂ ಬಿಟ್ಟು ನಿಂತಿವೆ.

ಚೆಂಡುಹೂವಿಗೆ ಬೀಜ ಹಾಕಿದ ದಿನದಿಂದ ಹೂವಿಗೆ ಸುಮಾರು 60 ದಿನ ಬೇಕು. ನವೆಂಬರ್ ಮೂರನೇ ವಾರ ಬಿತ್ತಿದರೆ ಗಣರಾಜ್ಯೋತ್ಸವಕ್ಕೆ ಸರಿಯಾಗುತ್ತದೆ. ಇದಕ್ಕೆ ಟೆಂಡರ್ ಬೇಕಾ? ಊರಿನ ಸರ್ಕಾರಿ ಶಾಲೆಗಳಿಗೆ ತಲಾ ಇಪ್ಪತ್ತು ಕುಂಡ, ಒಂದು ಹಿಡಿ ಬೀಜ ಕೊಡಿ. ಹೇಗೆ ಬೆಳೆಸುವುದು ಎಂದು ನಾವು ಹೋಗಿ ತೋರಿಸುತ್ತೇವೆ. ತಾನು ಬೆಳೆಸಿದ ಗಿಡ ಧ್ವಜದ ಕೆಳಗಿದೆ ಎಂದರೆ ಆ ಮಗು ಅಪ್ಪ ಅಮ್ಮನನ್ನು ಎಳೆದುಕೊಂಡು ಮೈದಾನಕ್ಕೆ ಬರುವುದಿಲ್ಲವೇ?

ಲಾಲ್‌ಬಾಗ್ ನೋಡಿ. ಅದು 1760ರಲ್ಲಿ ಹೈದರ್ ಅಲಿ ಶುರು ಮಾಡಿದ ತೋಟ, ನಮ್ಮ ಪಾರ್ಕಿಗೆ ಹೋಲಿಸಿದರೆ ನಗು ಬರುತ್ತದೆ ಬಿಡಿ. ಆದರೆ ಅಲ್ಲಿನ ಗಾಜಿನ ಮನೆಯ ಫಲಪುಷ್ಪ ಪ್ರದರ್ಶನ ಸರ್ಕಾರ ಒಂದೇ ನಡೆಸುವುದಲ್ಲ. ತೋಟಗಾರಿಕೆ ಇಲಾಖೆಯ ಜೊತೆ ಮೈಸೂರು ಉದ್ಯಾನ ಕಲಾ ಸಂಘ ಇದೆ. ಆ ಸಂಘ ಹುಟ್ಟಿದ್ದು 1912ರಲ್ಲಿ, ಜರ್ಮನಿಯಿಂದ ಬಂದು ಇಲ್ಲಿಯವರೇ ಆಗಿಹೋದ, ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅವರ ಕಾಲದಲ್ಲಿ. ಇಲಾಖೆ ಒಂದು ಕಡೆ, ಗಿಡದ ಹುಚ್ಚಿನ ಜನ ಇನ್ನೊಂದು ಕಡೆ, ಇಬ್ಬರೂ ಸೇರಿ ಕೆಲಸ ಮಾಡುವುದು ನಮ್ಮ ರಾಜ್ಯದಲ್ಲಿ ನೂರು ವರ್ಷ ದಾಟಿದ ಪದ್ಧತಿ. ನಮ್ಮೂರಿನಲ್ಲಿ ಅದಕ್ಕೆ ಗೇಟಿನ ಬೀಗ ಅಡ್ಡ ಬರುತ್ತಿದೆ.

ಹೌದು, ಬೀಗ. ಪಾರ್ಕನ್ನು ಬೆಳಿಗ್ಗೆ ಒಂಬತ್ತಕ್ಕೆ ಮುಚ್ಚಿ ಸಂಜೆ ನಾಲ್ಕಕ್ಕೆ ತೆರೆಯುತ್ತೀರಿ. ಮಧ್ಯಾಹ್ನ ಪಡ್ಡೆ ಹುಡುಗರು ಬಂದು ಕೂರುತ್ತಾರೆ, ಇಸ್ಪೀಟು ಆಡುತ್ತಾರೆ ಎಂಬುದು ಕಾರಣ. ಸುಳ್ಳೇನಲ್ಲ, ನಾನೂ ನೋಡಿದ್ದೇನೆ. ಆದರೆ ಮಕ್ಕಳನ್ನು ಶಾಲೆಗೆ ಕಳಿಸಿ, ಗಂಡನ ಡಬ್ಬಿ ಕಟ್ಟಿ, ಪಾತ್ರೆ ತೊಳೆದು ಹೆಂಗಸರಿಗೆ ಬಿಡುವಾಗುವುದೇ ಹತ್ತು ಗಂಟೆಗೆ. ಗಿಡಕ್ಕೂ ಅದೇ ಹೊತ್ತು ಸರಿ. ಚಳಿಗಾಲದಲ್ಲಿ ಸಂಜೆ ನೀರು ಹಾಕಿದರೆ ರಾತ್ರಿಯಿಡೀ ಎಲೆ ಒದ್ದೆಯಾಗಿರುತ್ತದೆ, ಎಳೇ ಸಸಿಗಳ ಬುಡ ಕೊಳೆಯುತ್ತದೆ. ಬಿಸಿಲು ಬಂದಮೇಲೆ ಹಾಕಬೇಕು. ಹಾಗಾಗಿ ನಮ್ಮವರು ಈಗ ಬೇಲಿಯ ಸಂದಿಯಿಂದ ಪೈಪು ತೂರಿಸಿ ಹೊರಗಿನಿಂದ ನೀರು ಹಾಕುತ್ತಾರೆ. ಅರವತ್ತೆಂಟು ವರ್ಷದ ಒಬ್ಬರು ಒಂದು ದಿನ ಬೇಲಿ ಹತ್ತಲು ಹೋಗಿ ಸೀರೆ ಹರಿದುಕೊಂಡರು. ಹೆಸರು ಹೇಳುವುದಿಲ್ಲ, ನಾನಲ್ಲ. ಪಾರ್ಕಿನ ಒಳಗಿನ ನಲ್ಲಿ ಮುರಿದು ಒಂದು ವರ್ಷವಾಯಿತು. ನನ್ನ ಎರಡನೆಯ ಅರ್ಜಿ ಅದರ ಬಗ್ಗೆಯೇ.

ಈಗ ನಾವು ಕೇಳುವುದು ಏನೆಂದರೆ, ಮೊದಲು ಆ ಮೂಲೆಯಲ್ಲಿ ಡ್ರಮ್ಮು ಇಡಲು ಲಿಖಿತ ಅನುಮತಿ ಕೊಡಿ. ಒಂದು ಸಾಲಾದರೂ ಸಾಕು, ಮೊಹರಿರಲಿ. ಮುಂದೆ ಬರುವ ಅಧಿಕಾರಿಗೂ ತೋರಿಸಬಹುದು. ಹಾಗೆಯೇ ನಿಮ್ಮ ಪರಿಸರ ಎಂಜಿನಿಯರ್ ಅಥವಾ ಆರೋಗ್ಯ ನಿರೀಕ್ಷಕರ ಮೂಲಕ ಮೇಸ್ತ್ರಿಗಳಿಗೆ ಒಂದು ಆದೇಶ ಹೋಗಲಿ: ಗುಡಿಸಿದ ಎಲೆಯನ್ನು ಡ್ರಮ್ಮಿನ ಪಕ್ಕ ಸುರಿದು ಹೋಗಬಹುದು, ಗುಡ್ಡೆ ಇದೆ ಎಂದು ಯಾರನ್ನೂ ಬೈಯಬಾರದು, ಬೆಂಕಿ ಮಾತ್ರ ಇಡಬಾರದು. ತುಂಬುವುದು, ತುಳಿಯುವುದು ನಮ್ಮ ಕೆಲಸ. ಪೊರಕೆ ಹಿಡಿದವರಿಗೆ ಇದರಿಂದ ಒಂದು ಚೂರೂ ಹೆಚ್ಚು ಕೆಲಸ ಬೀಳಬಾರದು, ಅದು ನಮ್ಮ ಷರತ್ತು. ಮುಂದಿನ ಕಸದ ಗುತ್ತಿಗೆ ಬರೆಯುವಾಗ ಚಳಿಗಾಲದ ಮೂರು ನಾಲ್ಕು ತಿಂಗಳು ಎಲೆಗೇ ಅಂತ ವಾರಕ್ಕೊಂದು ಟ್ರ್ಯಾಕ್ಟರ್ ಸೇರಿಸಿದರೆ ಬೇರೆ ಬಡಾವಣೆಗಳಿಗೂ ದಾರಿಯಾಗುತ್ತದೆ. ಯಾವ ಪಾರ್ಕಿನವರು ಕರೆದರೂ ಹೋಗಿ ಜಾಲರಿ ಕಟ್ಟಿಕೊಡಲು ನಾವು ಸಿದ್ಧ. ಸುಟ್ಟ ಡ್ರಮ್ಮಿಗೆ ಪರಿಹಾರ ಬೇಡ. ಅನುದಾನವೂ ಬೇಡ. ಅನುದಾನ ಬಂದರೆ ಅಧ್ಯಕ್ಷರು ಬೇಕಾಗುತ್ತಾರೆ.

ಬೀಗದ ಕೈಯ ಒಂದು ಪ್ರತಿ ನಮ್ಮಲ್ಲಿ ಒಬ್ಬರ ಹತ್ತಿರ ಇರಲಿ. ಪುಸ್ತಕದಲ್ಲಿ ಸಹಿ ಹಾಕಿ, ಹತ್ತರಿಂದ ಹನ್ನೆರಡರವರೆಗೆ ತೆರೆದು, ಕೆಲಸ ಮುಗಿಸಿ ಬೀಗ ಹಾಕುತ್ತೇವೆ. ಹತ್ತು ಹನ್ನೆರಡು ಹೆಂಗಸರು ಕೈಯಲ್ಲಿ ಕುಡುಗೋಲು ಹಿಡಿದು ಓಡಾಡುವ ಜಾಗಕ್ಕೆ ಇಸ್ಪೀಟಿನವರು ಬರುವುದೂ ಕಷ್ಟ. ನಲ್ಲಿ ರಿಪೇರಿ ಮಾಡಿಸಿ. ಈ ಸಲದ ಜನವರಿ 26ರ ಗಿಡಗಳನ್ನಂತೂ ಜನರೇಟರ್ ಪಕ್ಕ ಎಸೆಯಬೇಡಿ, 27ನೇ ತಾರೀಖು ಒಂದು ಫೋನ್ ಮಾಡಿಸಿದರೆ ನಾವೇ ಆಟೋ ತಂದು ಒಯ್ಯುತ್ತೇವೆ.

ಮಾಹಿತಿ ಹಕ್ಕಿನ ಅರ್ಜಿ ಹಾಕೋಣ, ಮೂವತ್ತು ದಿನದಲ್ಲಿ ಉತ್ತರ ಕೊಡಲೇಬೇಕು ಎಂದು ಮೇಷ್ಟ್ರು ಹಠ ಹಿಡಿದಿದ್ದಾರೆ. ಪಾರ್ಕಿನ ನಿರ್ವಹಣೆಗೆ ಎಷ್ಟು ಖರ್ಚಾಗಿದೆ, ಹೂಕುಂಡಕ್ಕೆ ಎಷ್ಟು, ಎಲೆ ಸಾಗಿಸಲು ಎಷ್ಟು ಬಿಲ್ಲಾಗಿದೆ ಎಂದು ಪ್ರಶ್ನೆ ಬರೆದು ಇಟ್ಟುಕೊಂಡಿದ್ದಾರೆ. ನಾನೇ ತಡೆದಿದ್ದೇನೆ. ಮೊದಲು ಮನುಷ್ಯರ ಹಾಗೆ ಕೇಳಿ ನೋಡೋಣ ಎಂದಿದ್ದೇನೆ. ಎಷ್ಟು ದಿನ ತಡೆಯಲು ಆಗುತ್ತದೋ ಗೊತ್ತಿಲ್ಲ.

ಸಮಯವೂ ಜಾಸ್ತಿ ಇಲ್ಲ. ಬಾದಾಮಿ ಎಲೆ ಉದುರಿ ಮುಗಿಯುತ್ತಾ ಬಂತು. ಫೆಬ್ರವರಿಯಲ್ಲಿ ಮಹಾಗನಿ, ಅದರ ಹಿಂದೆಯೇ ಹೊಂಗೆ. ಯುಗಾದಿಗೆ ಹೊಸ ಚಿಗುರು ಬರಬೇಕಾದರೆ ಹೊಂಗೆ ಮೊದಲು ಬರಿದಾಗಬೇಕಲ್ಲ. ನಮ್ಮ ಪಾರ್ಕಿನ ಸುತ್ತ ಹದಿನೇಳು ಹೊಂಗೆ ಮರ ಇವೆ. ಆ ಎಲೆ ಬೀಳುವ ಹೊತ್ತಿಗೆ ಡ್ರಮ್ಮು ತಯಾರಿರಬೇಕು.

ಮುಂದಿನ ಭಾನುವಾರ ಬೆಳಿಗ್ಗೆ ಏಳೂವರೆಗೆ ಸುಟ್ಟ ಜಾಲರಿಗಳನ್ನು ನೆಟ್ಟಗೆ ಮಾಡುವ ಕೆಲಸ ಇಟ್ಟುಕೊಂಡಿದ್ದೇವೆ. ವೆಲ್ಡಿಂಗ್ ಹುಡುಗ ಬರುತ್ತೇನೆ ಎಂದಿದ್ದಾನೆ. ಗುಡಿಸುವ ಅಮ್ಮನನ್ನೂ ಕರೆದಿದ್ದೇವೆ, ಕೆಲಸಕ್ಕಲ್ಲ, ತಿಂಡಿಗೆ. ಅವರೆಕಾಳು ಉಪ್ಪಿಟ್ಟು ಇರುತ್ತದೆ. ನೀವೂ ಬಂದರೆ ಸಂತೋಷ. ಒಂಬತ್ತಕ್ಕೆ ಗೇಟು ಹಾಕಿಬಿಡುತ್ತಾರೆ, ಅಷ್ಟರೊಳಗೆ ಕೆಲಸ ಮುಗಿಯುವ ಹಾಗೆ ಕಾಣುವುದಿಲ್ಲ. ಬರುವಾಗ ಬೀಗದ ಕೈ ತಂದರೆ ಇನ್ನೂ ಸಂತೋಷ.

ಇಂತಿ ತಮ್ಮ ವಿಶ್ವಾಸಿ,
ಕೈತೋಟದ ಬಳಗದ ಪರವಾಗಿ,
ಲೆಕ್ಕದ ಪುಸ್ತಕ ಬರೆಯುವವಳು